ನಂಗು ಮೀನಿನ ಬೆಳವಣಿಗೆ ಮತ್ತು ಬಲೆಯ ಕಣ್ಣು

ಮಳೆಗಾಲದ ನಂತರ ಮಂಗಳೂರು, ಮಲ್ಪೆ ಬಂದರುಗಳಿಗೆ ಬರುವ ನಂಗು ಮೀನು ಹುಟ್ಟುವಾಗ ಚಪ್ಪಟೆಯಾಗಿರುವುದಿಲ್ಲ. ಮೊಟ್ಟೆಯೊಡೆದು ಬಂದ ಮರಿಗೆ ಇತರ ಮೀನುಗಳಂತೆ ತಲೆಯ ಎರಡೂ ಬದಿಗೆ ಒಂದೊಂದು ಕಣ್ಣಿರುತ್ತದೆ. ಅದು ನೆಟ್ಟಗೆ ಈಜುತ್ತ, ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳನ್ನು ತಿಂದು ಬದುಕುತ್ತದೆ. ಬೆಳೆದಂತೆ ಬಲಗಣ್ಣು ಎಡಬದಿಗೆ ಸರಿಯುತ್ತದೆ. ಮರಿಯು ತಳಕ್ಕಿಳಿದು, ಬಲಮಗ್ಗುಲನ್ನು ಕೆಸರಿಗೆ ಒತ್ತಿ ಮಲಗುತ್ತದೆ. ಅಂದಿನಿಂದ ತಳದ ಹುಳುಗಳು ಹಾಗೂ ಸಣ್ಣ ಚಿಪ್ಪುಜೀವಿಗಳೇ ಅದರ ಆಹಾರ.

ಈ ಮಾರ್ಪಾಡು ಮೀನು ವ್ಯಾಪಾರಕ್ಕೂ ಸಂಬಂಧಿಸಿದೆ. ತೇಲುವ ಹಂತದಲ್ಲಿ ಟ್ರಾಲ್ ಬಲೆಗೆ ಎಟುಕದ ಮರಿ, ತಳಕ್ಕಿಳಿದ ಮೇಲೆ ಅದೇ ಬಲೆಯ ದಾರಿಯಲ್ಲಿ ಬೆಳೆಯುತ್ತದೆ. ಬಲೆಯ ತುದಿಚೀಲದ ಕಣ್ಣು ಕಿರಿದಾಗಿದ್ದರೆ ಅದು ಪಾರಾಗಲಾರದು. ಕಣ್ಣಿನ ಆಕಾರವೂ ಗಮನಾರ್ಹ. ಚೌಕ ಕಣ್ಣು ಎಳೆತದಲ್ಲೂ ತೆರೆದೇ ಇರುವುದರಿಂದ ದುಂಡು ಮೈಯ ಮರಿಗಳು ನುಸುಳಿಹೋಗುತ್ತವೆ; ಚಪ್ಪಟೆ ಮೀನಿಗೆ ವಜ್ರಾಕೃತಿಯ ಕಣ್ಣು ಹೆಚ್ಚು ಅನುಕೂಲ. ಆದ್ದರಿಂದ ಎಲ್ಲ ಮೀನಿಗೂ ಒಂದೇ ಬಲೆ ಒಪ್ಪುವುದಿಲ್ಲ.

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ಮೀನುಗಾರಿಕಾ ನಿಷೇಧವಿದೆ. ಉಳಿದ ತಿಂಗಳುಗಳಲ್ಲಿ ತಳಕ್ಕಿಳಿಯುವ ಮರಿಗಳಿಗೆ ಬಲೆಯ ಕಣ್ಣೇ ರಕ್ಷಣೆ. ಊಟದ ತಟ್ಟೆಗೆ ಸಲ್ಲದ ಮರಿಮೀನು ಕಡಿಮೆ ಬೆಲೆಗೆ ಮೀನುಹಿಟ್ಟಿನ ಕಾರ್ಖಾನೆ ಸೇರುತ್ತದೆ. ಅದೇ ಮರಿ ಬೆಳೆದಿದ್ದರೆ ದೋಣಿ ಮಾಲೀಕರಿಗೂ, ಮಂಜುಗಡ್ಡೆ ಘಟಕಕ್ಕೂ, ಒಣಮೀನು ವ್ಯಾಪಾರಿಗೂ ಆದಾಯ ತರುತ್ತಿತ್ತು. ಬಲೆ ತಯಾರಕರು ಮೀನಿನ ಮೈಕಟ್ಟನ್ನು ಅರಿತು ಕಣ್ಣಿನ ಅಳತೆ ನಿರ್ಧರಿಸುವುದು, ಖರೀದಿದಾರರು ಮರಿಮೀನಿನ ಬೇಡಿಕೆಯನ್ನು ತಗ್ಗಿಸುವುದು ಮುಂದಿನ ವರ್ಷಗಳ ವ್ಯಾಪಾರಕ್ಕೆ ಇಂದೇ ಹೂಡುವ ಬಂಡವಾಳ.