ಬಂಡೆಯ ಮೇಲೊಂದು ಕೋಣೆ, ನಾಲ್ಕು ಕಿಟಕಿ

ಫಿನ್ಲೆಂಡ್ ಸರೋವರಗಳ ನಾಡು. ಸಣ್ಣಪುಟ್ಟವನ್ನೂ ಸೇರಿಸಿ ಎಣಿಸಿದರೆ ಅಲ್ಲಿ ಒಂದು ಲಕ್ಷ ಎಂಬತ್ತು ಸಾವಿರಕ್ಕೂ ಹೆಚ್ಚು ಸರೋವರಗಳಿವೆ. ನೀರಿನ ಅಂಚಿನಲ್ಲಿ ಒಂದು ಮರದ ಗುಡಿಸಲು ಕಟ್ಟಿಕೊಂಡು ಬೇಸಿಗೆಯನ್ನು ಅಲ್ಲಿ ಕಳೆಯುವುದು ಆ ಜನರಿಗೆ ಸುಮಾರಾಗಿ ಧರ್ಮವಿದ್ದಂತೆ. ಇಡೀ ದೇಶದ ಜನಸಂಖ್ಯೆ ನಮ್ಮ ಬೆಂಗಳೂರಿನದಕ್ಕಿಂತ ಕಡಿಮೆ. ಆದರೆ ಬೇಸಿಗೆ ಗುಡಿಸಲುಗಳು ಸುಮಾರು ಐದು ಲಕ್ಷ! ಇವು ಶ್ರೀಮಂತರ ಬಂಗಲೆಗಳೆಂದು ತಿಳಿಯಬೇಡಿ. ಅನೇಕ ಗುಡಿಸಲುಗಳಲ್ಲಿ ನಲ್ಲಿಯಿರುವುದಿಲ್ಲ, ಶೌಚಾಲಯ ಹೊರಗೆ, ಅಡುಗೆಗೆ ಕಟ್ಟಿಗೆ ಸೀಳಬೇಕು. ಚಳಿಗಾಲದಲ್ಲಿ ಮಧ್ಯಾಹ್ನವೇ ಕತ್ತಲಾಗುವ ದೇಶದಲ್ಲಿ ಜೂನ್ ತಿಂಗಳ ಸೂರ್ಯ ಬಹಳ ತಡವಾಗಿ ಮುಳುಗುತ್ತಾನೆ. ಆ ಬೆಳಕನ್ನು ನಗರದ ಗೋಡೆಗಳ ನಡುವೆ ವ್ಯರ್ಥ ಮಾಡುವುದು ಯಾರಿಗೂ ಇಷ್ಟವಿಲ್ಲ.

ಇಂಥ ಗುಡಿಸಲುಗಳಲ್ಲಿ ಲೋಕಪ್ರಸಿದ್ಧವಾದದ್ದು ಸರೋವರದ ದಡದಲ್ಲಿಲ್ಲ, ಸಮುದ್ರದ ನಡುವಿನ ಬರಿಯ ಬಂಡೆಯೊಂದರ ಮೇಲಿದೆ. ಫಿನ್ಲೆಂಡ್ ಕೊಲ್ಲಿಯಲ್ಲಿ, ಹೆಲ್ಸಿಂಕಿಯಿಂದ ಪೂರ್ವಕ್ಕೆ ಪೆಲ್ಲಿಂಗೆ ಎಂಬ ದ್ವೀಪಸಮೂಹವಿದೆ. ಅದರ ಹೊರ ಅಂಚಿನಲ್ಲಿರುವ ಕ್ಲೊವ್‌ಹಾರು ಎಂಬ ಪುಟ್ಟ ದ್ವೀಪದಲ್ಲಿ 1964ರಲ್ಲಿ ಐವತ್ತು ವರ್ಷದ ಮಗಳೊಬ್ಬಳು ಮನೆ ಕಟ್ಟಲು ಹೊರಟಳು. ಆಗ ಆಕೆಯ ತಾಯಿಗೆ ಎಂಬತ್ತೆರಡು ವರ್ಷ. ಇಬ್ಬರೂ ಚಿತ್ರಕಾರರು. ಮಗಳ ಹೆಸರು ಟೂವೆ ಯಾನ್ಸನ್.

ಮೂಮಿನ್ ಕಥೆಗಳ ಲೇಖಕಿ ಎಂದರೆ ಯೂರೋಪಿನಲ್ಲಿಯೂ ಜಪಾನಿನಲ್ಲಿಯೂ ಪರಿಚಯ ಬೇಕಾಗುವುದಿಲ್ಲ. ನಮ್ಮ ಮಕ್ಕಳಿಗೆ ಬೇಕಾಗಬಹುದು. ಮೂಮಿನ್ ಎಂದರೆ ದಪ್ಪ ಮೂತಿಯ, ದುಂಡು ಹೊಟ್ಟೆಯ, ನೀರಾನೆಯನ್ನು ನೆನಪಿಸುವ ಬಿಳಿಯ ಜೀವಿ. ಕಣಿವೆಯ ಮನೆಯೊಂದರಲ್ಲಿ ಅಪ್ಪ, ಅಮ್ಮ, ಮಗ. ಯಾರು ಬಂದರೂ ಅಲ್ಲಿ ಊಟವಿದೆ, ಹಾಸಿಗೆಯಿದೆ. ಮೂಮಿನ್ ಅಮ್ಮನ ಕೈಚೀಲದಲ್ಲಿ ಬೇಕಾದದ್ದೆಲ್ಲ ಇರುತ್ತದೆ. 1945ರಲ್ಲಿ ಮೊದಲ ಪುಸ್ತಕ ಬಂತು. ಈಗ ಈ ಕಥೆಗಳು ಐವತ್ತಕ್ಕೂ ಹೆಚ್ಚು ಭಾಷೆಗಳಲ್ಲಿವೆ. ಮಕ್ಕಳ ಸಾಹಿತ್ಯದ ಬಹು ದೊಡ್ಡ ಗೌರವವಾದ ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಪ್ರಶಸ್ತಿ 1966ರಲ್ಲಿ ಟೂವೆಗೆ ಬಂತು.

ಆ ಮೂಮಿನ್ ಅಮ್ಮ ಬೇರಾರೂ ಅಲ್ಲ, ಟೂವೆಯ ತಾಯಿಯೇ.

ಅಮ್ಮನ ಮೇಜು

ತಾಯಿಯ ಹೆಸರು ಸಿಗ್ನೆ ಹಮರ್‌ಸ್ಟೆನ್. ಎಲ್ಲರೂ ಕರೆಯುತ್ತಿದ್ದುದು ಹಾಮ್ ಎಂದು. 1882ರಲ್ಲಿ ಸ್ವೀಡನ್ನಿನ ಪಾದ್ರಿಯೊಬ್ಬರ ಮಗಳಾಗಿ ಹುಟ್ಟಿದಾಕೆ. ಕುದುರೆ ಸವಾರಿ ಗೊತ್ತು, ಬಂದೂಕು ಹಿಡಿಯುವುದು ಗೊತ್ತು. ಸ್ವೀಡನ್ನಿನಲ್ಲಿ ಹೆಣ್ಣುಮಕ್ಕಳ ಸ್ಕೌಟ್ ಚಳವಳಿಯನ್ನು ಆರಂಭಿಸಿದವರಲ್ಲಿ ಒಬ್ಬಳು. ಕಲೆ ಕಲಿಯಲೆಂದು ಪ್ಯಾರಿಸ್ಸಿಗೆ ಹೋದಾಗ ಫಿನ್ಲೆಂಡಿನ ಶಿಲ್ಪಿ ವಿಕ್ಟರ್ ಯಾನ್ಸನ್ ಪರಿಚಯವಾಯಿತು. 1913ರಲ್ಲಿ ಮದುವೆ. ಮರುವರ್ಷ ಆಗಸ್ಟ್ 9ರಂದು ಟೂವೆ ಹುಟ್ಟಿದಳು. ಆಮೇಲೆ ಇಬ್ಬರು ಗಂಡುಮಕ್ಕಳು, ಪೇರ್ ಊಲೊವ್ ಮತ್ತು ಲಾರ್ಸ್.

ಶಿಲ್ಪಿಯ ಸಂಪಾದನೆ ಹೇಗಿರುತ್ತದೆಂದು ಹೇಳಬೇಕಾಗಿಲ್ಲ. ಸ್ಮಾರಕದ ಕೆಲಸ ಸಿಕ್ಕಿದರೆ ಹಬ್ಬ, ಇಲ್ಲದಿದ್ದರೆ ಸಾಲ. ಮನೆಗೆ ತಿಂಗಳು ತಿಂಗಳು ಹಣ ತಂದವಳು ಹಾಮ್. 1924ರಿಂದ ಬ್ಯಾಂಕ್ ಆಫ್ ಫಿನ್ಲೆಂಡಿನ ನೋಟು ಮುದ್ರಣಾಲಯದಲ್ಲಿ ದುಡಿದಳು. ಪುಸ್ತಕಗಳಿಗೆ ರಕ್ಷಾಪುಟ, ಪತ್ರಿಕೆಗಳಿಗೆ ವ್ಯಂಗ್ಯಚಿತ್ರ, ಸರ್ಕಾರಕ್ಕೆ ಅಂಚೆಚೀಟಿ. ಆಕೆ ವಿನ್ಯಾಸ ಮಾಡಿದ ಅಂಚೆಚೀಟಿಗಳ ಸಂಖ್ಯೆಯೇ ನೂರನ್ನು ಮೀರುತ್ತದೆ. ಪ್ಯಾರಿಸ್ಸಿನಲ್ಲಿ ಗಂಡನ ಜೊತೆ ಸಮಾನವಾಗಿ ಕಲೆಯ ಕನಸು ಕಂಡವಳ ಕುಂಚ ಹೀಗೆ ಅಕ್ಕಿ ಬೇಳೆಗೆ ದುಡಿಯುವ ಕುಂಚವಾಯಿತು. ಮನೆಯಲ್ಲಿ ವಿಶಾಲವಾದ ಸ್ಟುಡಿಯೊ ಇದ್ದದ್ದು ಗಂಡನ ಶಿಲ್ಪಗಳಿಗೆ. ಹಾಮ್ ಮನೆಗೆಲಸದ ನಡುವೆ ಮೇಜಿನ ಮುಂದೆ ಕುಳಿತು ಅಂಗುಲ ಗಾತ್ರದ ಚಿತ್ರಗಳನ್ನು ಬರೆಯುತ್ತಿದ್ದಳು. ಕಲಾವಿದ ದಂಪತಿಗಳ ಸಂಸಾರದಲ್ಲಿ ಇದು ಹೊಸ ಕಥೆಯಲ್ಲ ಬಿಡಿ.

ಆದರೆ ಆ ಮೇಜಿನ ಪಕ್ಕದಲ್ಲೇ ಮಗಳು ಬೆಳೆದಳು ಎನ್ನುವುದು ಮುಖ್ಯ. ಅಮ್ಮನ ಕೈ ಹೇಗೆ ಚಲಿಸುತ್ತದೆ, ಇಂಡಿಯನ್ ಇಂಕಿನ ಗೆರೆ ಎಲ್ಲಿ ತೆಳುವಾಗಬೇಕು, ಸಂಪಾದಕರಿಗೆ ಚಿತ್ರವನ್ನು ಹೇಳಿದ ಹೊತ್ತಿಗೆ ಹೇಗೆ ತಲುಪಿಸಬೇಕು ಎಂಬುದೆಲ್ಲ ಪಾಠವಿಲ್ಲದೆಯೇ ಕಲಿತ ವಿದ್ಯೆ. 'ಗಾರ್ಮ್' ಎಂಬ ವಿಡಂಬನಾ ಪತ್ರಿಕೆಗೆ ಹಾಮ್ ಮೊದಲಿನಿಂದಲೂ ಚಿತ್ರ ಬರೆಯುತ್ತಿದ್ದಳು. 1929ರಲ್ಲಿ, ಹದಿನೈದರ ಹರೆಯದ ಟೂವೆಯ ಚಿತ್ರಗಳೂ ಅದೇ ಪತ್ರಿಕೆಯಲ್ಲಿ ಬರತೊಡಗಿದವು. ಟೂವೆಗೆ ಶಾಲೆ ಎಂದರೆ ಸೇರದು. ಹದಿನಾರಕ್ಕೆ ಶಾಲೆ ಬಿಟ್ಟು ತಾಯಿಯ ತವರಾದ ಸ್ಟಾಕ್‌ಹೋಮಿಗೆ ಚಿತ್ರಕಲೆ ಕಲಿಯಲು ಹೊರಟಳು. ಸೋದರಮಾವನ ಮನೆಯಲ್ಲಿ ವಾಸ. ರಾತ್ರಿ ಕದ್ದು ತಿಂಡಿ ತಿನ್ನುವ ಸೊಸೆಯನ್ನು ಹೆದರಿಸಲು, ಒಲೆಯ ಹಿಂದೆ ಮೂಮಿನ್ ಟ್ರೋಲ್ ಇದೆ, ಕತ್ತಿನ ಮೇಲೆ ತಣ್ಣನೆ ಉಸಿರು ಬಿಡುತ್ತದೆ ಎಂದು ಹೇಳಿದವನು ಈ ಮಾವನೇ. ಹೆಸರು ಹುಟ್ಟಿದ್ದು ಹಾಗೆ.

ರೂಪ ಹುಟ್ಟಿದ್ದು ಬೇಸಿಗೆ ಗುಡಿಸಲಿನಲ್ಲಿ. ಅದೂ ಎಲ್ಲಿ ಎನ್ನುತ್ತೀರಿ? ಹೊರಗಿನ ಶೌಚಾಲಯದ ಗೋಡೆಯ ಮೇಲೆ! ಬೇಸಿಗೆ ಬಂತೆಂದರೆ ಯಾನ್ಸನ್ ಕುಟುಂಬ ಪೆಲ್ಲಿಂಗೆಗೆ ಹೋಗುತ್ತಿತ್ತು. ಅಲ್ಲೊಮ್ಮೆ ತಮ್ಮ ಪೇರ್ ಊಲೊವ್ ಜೊತೆ ತತ್ತ್ವಶಾಸ್ತ್ರಜ್ಞ ಕಾಂಟನ ವಿಷಯದಲ್ಲಿ ವಾದವಾಯಿತು. ವಾದದಲ್ಲಿ ಸೋತ ಟೂವೆ ಸಿಟ್ಟಿಗೆ ತನ್ನ ಕಲ್ಪನೆಗೆ ನಿಲುಕಿದ ಅತ್ಯಂತ ಕುರೂಪದ ಪ್ರಾಣಿಯೊಂದನ್ನು ಗೋಡೆಯ ಮೇಲೆ ಗೀಚಿ ಕೆಳಗೆ ಕಾಂಟನ ಹೆಸರು ಹಾಕಿದಳು. ಉದ್ದ ಮೂತಿಯ ಆ ಪ್ರಾಣಿಯೇ ಮುಂದೆ ಮೈ ತುಂಬಿಕೊಂಡು ಮೂಮಿನ್ ಆಯಿತು. ಗೋಡೆ ಹಾಳಾಯಿತೆಂದು ಆ ಮನೆಯಲ್ಲಿ ಯಾರೂ ಗದರಿರಲಾರರು.

ಮೀನುಗಾರರ ಅಪ್ಪಣೆ

ಬಾಲ್ಯದಲ್ಲಿ ಟೂವೆಗೆ ದೀಪಸ್ತಂಭದ ಕಾವಲುಗಾರ್ತಿಯಾಗುವ ಆಸೆ. ಪೆಲ್ಲಿಂಗೆಯ ಕುಮ್ಮೆಲ್‌ಶೇರ್ ಎಂಬ ದ್ವೀಪದ ಮೇಲೆ ಬಹುಕಾಲ ಕಣ್ಣಿಟ್ಟಿದ್ದಳು. ಸಾಲ್ಮನ್ ಮೀನುಗಳಿಗೆ ತೊಂದರೆಯಾಗುತ್ತದೆಂದು ಮೀನುಗಾರರು ಒಪ್ಪಲಿಲ್ಲ. 1947ರಲ್ಲಿ ಟೂವೆ ಮತ್ತು ಲಾರ್ಸ್ ಸೇರಿ ಬ್ರೆಡ್‌ಶೇರ್ ಎಂಬ ಇನ್ನೊಂದು ದ್ವೀಪದಲ್ಲಿ ಗುಡಿಸಲು ಕಟ್ಟಿದರು. ಕೆಲವು ವರ್ಷ ಎಲ್ಲವೂ ಚೆನ್ನಾಗಿತ್ತು. 1954ರಿಂದ ಲಂಡನ್ನಿನ 'ಈವ್ನಿಂಗ್ ನ್ಯೂಸ್' ಪತ್ರಿಕೆಯಲ್ಲಿ ಮೂಮಿನ್ ಚಿತ್ರಕಥೆ ಪ್ರತಿದಿನವೂ ಬರತೊಡಗಿತು. ಕೀರ್ತಿ, ಹಣ, ಮೂಟೆಗಟ್ಟಲೆ ಪತ್ರಗಳು, ಗೊಂಬೆ ಮಾಡುವವರು, ಸಂದರ್ಶನ ಕೇಳುವವರು. ಬ್ರೆಡ್‌ಶೇರ್‌ಗೂ ಬಂಧುಮಿತ್ರರ ದಂಡು. ದಿನಕ್ಕೊಂದು ಚಿತ್ರಕಥೆ ಹೊಸೆಯುವ ಗಾಣಕ್ಕೆ ಬೇಸತ್ತ ಟೂವೆ ಆ ಕೆಲಸವನ್ನು ಲಾರ್ಸನಿಗೆ ವಹಿಸಿ, ಇನ್ನೂ ಆಚೆಯ, ಯಾರೂ ಬೇಡವೆನ್ನುವ ಬಂಡೆಯೊಂದನ್ನು ಹುಡುಕಿದಳು. ಅದೇ ಕ್ಲೊವ್‌ಹಾರು.

ಅಲ್ಲಿ ನೆರಳಿಗೊಂದು ಕಾಡಿಲ್ಲ. ದ್ವೀಪ ನಡುವೆ ಸೀಳಿದಂತಿದ್ದು, ಆ ಸೀಳಿನಲ್ಲಿ ಸಣ್ಣ ಕೊಳದಂತೆ ನೀರು ನಿಲ್ಲುತ್ತದೆ. ಉಳಿದದ್ದೆಲ್ಲ ಕಲ್ಲು, ಹುಲ್ಲು, ಕಡಲ ಹಕ್ಕಿಗಳ ಗೂಡು. ಜೊತೆಗಿದ್ದವಳು ಟೂವೆಯ ಬಾಳಸಂಗಾತಿ, ಗ್ರಾಫಿಕ್ ಕಲಾವಿದೆ ಟೂಲಿಕ್ಕಿ ಪಿಯೆಟಿಲಾ. ಇಬ್ಬರ ತಂದೆಯರ ಹೆಸರೂ ವಿಕ್ಟರ್ ಆಗಿದ್ದರಿಂದ ದೋಣಿಗೆ 'ವಿಕ್ಟೋರಿಯಾ' ಎಂದು ಹೆಸರಿಟ್ಟರು. ಕಟ್ಟಡದ ಪರವಾನಗಿ ಬರುತ್ತದೋ ಇಲ್ಲವೋ ಎಂಬ ಅನುಮಾನವಿತ್ತು. ತೊಲೆ ಏರಿದ ಮನೆಯನ್ನು ಯಾರೂ ಕೆಡವುವಂತಿಲ್ಲ, ಮೊದಲು ಶುರು ಮಾಡಿ ಎಂದು ಕಡಲನ್ನು ಬಲ್ಲ ಸ್ಥಳೀಯನೊಬ್ಬ ಸಲಹೆ ಕೊಟ್ಟ. ಅವನೇ ಕೆಲಸಕ್ಕೂ ನಿಂತ. ದೊಡ್ಡ ಬಂಡೆಯೊಂದನ್ನು ಡೈನಮೈಟ್ ಇಟ್ಟು ಸಿಡಿಸಬೇಕಾಯಿತು. 1965ರ ಹೊತ್ತಿಗೆ ಮನೆ ಎದ್ದಿತು. ಒಂದೇ ಕೋಣೆ, ನಾಲ್ಕು ಗೋಡೆಗೆ ನಾಲ್ಕು ಕಿಟಕಿ. ಬಿರುಗಾಳಿ ಯಾವ ದಿಕ್ಕಿನಿಂದ ಬಂದರೂ ಕಾಣಬೇಕು!

ಟೂವೆ, ಟೂಲಿಕ್ಕಿ ಇಬ್ಬರೂ ಮೊದಲಿನಂತೆ ಡೇರೆಯಲ್ಲಿ ಮಲಗುತ್ತಿದ್ದರು. ಗೋಡೆ, ಒಲೆ, ಮಂಚವಿದ್ದ ಮನೆ ಹಾಮ್‌ಳದು. ಗಂಡ 1958ರಲ್ಲಿ ತೀರಿಕೊಂಡಿದ್ದ. ಎಂಬತ್ತು ದಾಟಿದ ಮುದುಕಿಯನ್ನು, ವೈದ್ಯರಿಲ್ಲದ, ಗಾಳಿ ಎದ್ದರೆ ದೋಣಿಯೂ ಬಾರದ ಬಂಡೆಗೆ ಕರೆದೊಯ್ಯುವುದೇ ಎಂದು ನಮ್ಮಲ್ಲಾದರೆ ನೆಂಟರೆಲ್ಲ ಸೇರಿ ಮಗಳನ್ನು ಬೈಯುತ್ತಿದ್ದರು. ಕರೆದೊಯ್ದದ್ದು ಮಾತ್ರವಲ್ಲ, ಹಾಮ್ ಬೇಸಿಗೆ ಬೇಸಿಗೆಯೂ ಹೋದಳು.

ಇದೆಲ್ಲ ಸುಖದ ಸಂಗತಿಯೇ ಆಗಿತ್ತೆಂದು ಬರೆದರೆ ತಪ್ಪಾದೀತು. ಒಂದು ಕೋಣೆಯಷ್ಟು ಜಾಗದಲ್ಲಿ ಗಟ್ಟಿ ಸ್ವಭಾವದ ಮೂವರು ಕಲಾವಿದೆಯರು. ತಾಯಿಗೂ ಸಂಗಾತಿಗೂ ನಡುವೆ ಹಗ್ಗಜಗ್ಗಾಟ ನಡೆದು, ಮಧ್ಯೆ ಸಿಕ್ಕಿದ ಟೂವೆ ಹೈರಾಣಾದದ್ದುಂಟು. ಅಮ್ಮನ ಮೇಲೆ ಆಕೆಗಿದ್ದ ಪ್ರೀತಿ ಸಾಮಾನ್ಯದ್ದಲ್ಲ. ಹಾಗೆಯೇ ಒಂಟಿಯಾಗಿ ಕೆಲಸ ಮಾಡಬೇಕೆಂಬ ಹಸಿವೂ ಸಾಮಾನ್ಯದ್ದಲ್ಲ.

ಮನೆ ಮುಗಿದ ವರ್ಷವೇ, ಅಂದರೆ 1965ರಲ್ಲಿ, ಬಂದ ಮೂಮಿನ್ ಕಾದಂಬರಿ ಓದಿದರೆ ಈ ಕಸಿವಿಸಿ ಅರ್ಥವಾಗುತ್ತದೆ. ಅಪ್ಪನ ಹಟಕ್ಕೆ ಕಟ್ಟುಬಿದ್ದು ಮೂಮಿನ್ ಕುಟುಂಬ ದೀಪಸ್ತಂಭವಿರುವ ಬರಡು ದ್ವೀಪಕ್ಕೆ ಹೋಗುತ್ತದೆ. ಅಲ್ಲಿ ಅಮ್ಮನ ತೋಟದ ಗಿಡಗಳು ಬದುಕುವುದಿಲ್ಲ. ಊರಿನ ನೆನಪು ತಡೆಯಲಾರದೆ ಆಕೆ ದೀಪಸ್ತಂಭದ ಒಳಗೋಡೆಯ ಮೇಲೆ ತನ್ನ ಕಣಿವೆಯ ಹೂಗಿಡಗಳನ್ನೂ ಸೇಬಿನ ಮರಗಳನ್ನೂ ಬರೆಯತೊಡಗುತ್ತಾಳೆ. ಒಂದು ದಿನ ತಾನೇ ಬರೆದ ಮರದ ಹಿಂದೆ ಸರಿದು ನಿಂತುಬಿಡುತ್ತಾಳೆ. ಮನೆಯವರು ಕಾಣದ ಅಮ್ಮನಿಗಾಗಿ ಹುಡುಕುತ್ತಾರೆ. ಆಕೆ ಚಿತ್ರದೊಳಗಿದ್ದಾಳೆ! ಎಷ್ಟೋ ದಿನಗಳ ನಂತರ ಊರಿನ ಹಂಬಲ ಕಳೆದು ಹೋದಾಗ ಗೋಡೆ ಬರೀ ಗೋಡೆಯಾಗಿ ಉಳಿಯುತ್ತದೆ, ಆಕೆ ಮತ್ತೆ ಒಳಗೆ ಹೋಗಲಾರಳು. ಅಂಚೆಚೀಟಿಯ ಗಾತ್ರದೊಳಗೆ ಮೂವತ್ತು ವರ್ಷ ದುಡಿದ ತಾಯಿಗೆ ಮಗಳು ಇಡೀ ಒಂದು ಗೋಡೆಯನ್ನು ಬಿಟ್ಟುಕೊಟ್ಟಂತಿದೆ ಈ ಪ್ರಸಂಗ. ಮಕ್ಕಳಿಗೆ ಇದು ಮಾಯದ ಆಟ. ಓದಿ ಹೇಳುವ ತಾಯಂದಿರು ಒಂದು ಗಳಿಗೆ ಸುಮ್ಮನಾದರೆ ಆಶ್ಚರ್ಯವಿಲ್ಲ.

ಮುಳುಗಿದ ವೆನಿಸ್

1970ರ ಬೇಸಿಗೆಯಲ್ಲಿ ಹಾಮ್ ತೀರಿಕೊಂಡಳು. ಅದೇ ವರ್ಷ ಬಂದ ಕಾದಂಬರಿಯಲ್ಲಿ ಮೂಮಿನ್ ಕುಟುಂಬವೇ ಇಲ್ಲ. ನವೆಂಬರ್ ತಿಂಗಳ ಮಂಜಿನಲ್ಲಿ ಒಬ್ಬೊಬ್ಬರಾಗಿ ಬರುವ ಅತಿಥಿಗಳು ಖಾಲಿ ಮನೆಯಲ್ಲಿ ಕಾಯುತ್ತಾರೆ. ಅವರಲ್ಲೊಬ್ಬ ಪುಟ್ಟ ಹುಡುಗನಿಗಂತೂ ಮೂಮಿನ್ ಅಮ್ಮನದೇ ಧ್ಯಾನ. ಅದಾದ ಮೇಲೆ ಟೂವೆ ಮೂಮಿನ್ ಕಾದಂಬರಿ ಬರೆಯಲಿಲ್ಲ.

1972ರಲ್ಲಿ ದೊಡ್ಡವರಿಗಾಗಿ ಒಂದು ತೆಳ್ಳನೆಯ ಪುಸ್ತಕ ಬಂತು: 'ಸೊಮ್ಮರ್‌ಬೂಕೆನ್', ಅಂದರೆ ಬೇಸಿಗೆಯ ಪುಸ್ತಕ. ಪುಟ್ಟ ದ್ವೀಪದಲ್ಲಿ ಅಜ್ಜಿ, ಮೊಮ್ಮಗಳು, ಹೆಚ್ಚು ಮಾತಾಡದ ಅಪ್ಪ. ಹುಡುಗಿಯ ತಾಯಿ ಸತ್ತುಹೋಗಿದ್ದಾಳೆ ಎಂಬ ಸಂಗತಿ ಒಂದೇ ಸಾಲಿನಲ್ಲಿ ಬಂದು ಹೋಗುತ್ತದೆ. ದ್ವೀಪಕ್ಕೆ ಮಾದರಿ ಬ್ರೆಡ್‌ಶೇರ್, ಅಜ್ಜಿಗೆ ಹಾಮ್, ಹುಡುಗಿಗೆ ಲಾರ್ಸನ ಮಗಳು ಸೋಫಿಯಾ. ತಾಯಿಯನ್ನು ಕಳೆದುಕೊಂಡ ಮಗಳು ಬರೆದ, ತಾಯಿಯಿಲ್ಲದ ಮಗುವಿನ ಕಥೆ ಇದು. ಆದರೆ ಪುಸ್ತಕದ ತುಂಬ ಅಳುವಿಗಿಂತ ಜಗಳ, ತಮಾಷೆ, ಕೈಕೆಲಸಗಳೇ ಹೆಚ್ಚು. ಅಜ್ಜಿ ಒಣಗಿದ ಮರದ ತುಂಡುಗಳಲ್ಲಿ ಯಾರೂ ಕಾಣದ ಪ್ರಾಣಿಗಳನ್ನು ಕೆತ್ತುತ್ತಾಳೆ. ಎರೆಹುಳುವೊಂದು ಸನಿಕೆಗೆ ಸಿಕ್ಕಿ ಎರಡು ತುಂಡಾದಾಗ ಕಂಗಾಲಾದ ಸೋಫಿಯಾ ಆ ವಿಷಯದ ಮೇಲೆ ಗ್ರಂಥ ರಚಿಸಲು ನಿಶ್ಚಯಿಸುತ್ತಾಳೆ. ಕಾಗುಣಿತ ಬಾರದು, ಆದ್ದರಿಂದ ಅವಳು ಹೇಳುವುದು, ಅಜ್ಜಿ ಬರೆಯುವುದು! ಅಜ್ಜಿ ಒಮ್ಮೆಯೂ ಪಾಠ ಹೇಳಲು ಕೂರುವುದಿಲ್ಲ.

ಇನ್ನೊಮ್ಮೆ ಇಬ್ಬರೂ ಜೌಗಿನಲ್ಲಿ ವೆನಿಸ್ ನಗರವನ್ನು ಕಟ್ಟುತ್ತಾರೆ. ಕಾಲುವೆಗಳು, ಸೇತುವೆಗಳು, ಅಜ್ಜಿ ಹಗುರವಾದ ಮರದಲ್ಲಿ ಮಾಡಿ ಬಣ್ಣ ಹಚ್ಚಿದ ಅರಮನೆ. ರಾತ್ರಿ ಮಳೆ ಸುರಿದು ವೆನಿಸ್ ಮುಳುಗುತ್ತದೆ. ಹುಡುಗಿಯ ಆಕ್ರಂದನ ಕೇಳಲಾಗದು. ತಾನು ಹೋಗಿ ಅರಮನೆಯನ್ನು ಉಳಿಸುತ್ತೇನೆಂದು ಅಜ್ಜಿ ಹೊರಡುತ್ತಾಳೆ. ಎಷ್ಟು ಹುಡುಕಿದರೂ ಸಿಗುವುದಿಲ್ಲ. ಕೊನೆಗೆ ಗುಟ್ಟಾಗಿ ಕುಳಿತು ಹೊಸದೊಂದನ್ನು ಮಾಡಿ, ನೀರಿನಲ್ಲಿ ನೆನೆಸಿ, ಬಣ್ಣ ಕೆಡಿಸಿ, ಹಳೆಯದೇ ಎಂದು ಕೊಡುತ್ತಾಳೆ. ಇದನ್ನು ಸುಳ್ಳು ಎನ್ನಬೇಕೇ? ಎನ್ನಬಹುದು.

ಈ ಪುಸ್ತಕವನ್ನು ಆಧರಿಸಿ 2024ರಲ್ಲಿ ಚಲನಚಿತ್ರವೂ ಬಂದಿದೆ. ಅಜ್ಜಿಯಾಗಿ ನಟಿಸಿದವರು ಗ್ಲೆನ್ ಕ್ಲೋಸ್.

ಹಾಮ್ ಇಲ್ಲದ ಮೇಲೂ ಟೂವೆ, ಟೂಲಿಕ್ಕಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕ್ಲೊವ್‌ಹಾರುಗೆ ಹೋಗಿಬಂದರು. ಒಬ್ಬಳು ಬರೆದಳು, ಇನ್ನೊಬ್ಬಳು ಚಿತ್ರ ಮಾಡಿದಳು, ಇಬ್ಬರೂ ಬಲೆ ಬೀಸಿದರು, ಕಟ್ಟಿಗೆ ಸೀಳಿದರು. ವಯಸ್ಸು ಎಪ್ಪತ್ತೈದು ದಾಟಿತು. ಬಲೆ ಎಳೆಯುವುದು ಕಷ್ಟವಾಯಿತು. ಎಂದೂ ಇಲ್ಲದ್ದು, ಟೂವೆಗೆ ಸಮುದ್ರದ ಭಯವೂ ಹುಟ್ಟಿತು. 1990ರ ದಶಕದ ಆರಂಭದಲ್ಲಿ ಇಬ್ಬರೂ ಮನೆಯನ್ನು ಗುಡಿಸಿ ಒರೆಸಿ, ಪೆಲ್ಲಿಂಗೆಯ ಊರವರ ಸಂಘಕ್ಕೆ ಒಪ್ಪಿಸಿ, ದೋಣಿ ಹತ್ತಿದರು. ಆ ಬಂಡೆಯ ಬಗ್ಗೆ ಇಬ್ಬರೂ ಸೇರಿ ಮಾಡಿದ ಪುಸ್ತಕ 1996ರಲ್ಲಿ ಪ್ರಕಟವಾಯಿತು. ಬರಹ ಟೂವೆಯದು, ಚಿತ್ರಗಳು ಟೂಲಿಕ್ಕಿಯವು.