ಹೊರಡಲೊಲ್ಲದ ಹಳೆಯ ಕಾರು

ನಮ್ಮ ಮನೆಯಲ್ಲಿ ಹಳೆಯ ಪೆಟ್ರೋಲ್ ಅಂಬಾಸಿಡರ್ ಕಾರೊಂದುಂಟು. ಅದರ ತಯಾರಿಕೆಯು 2014ರಲ್ಲಿ ನಿಂತುಹೋದರೂ, ವೃದ್ಧರಾದ ನಮ್ಮ ತಾಯಿಯವರಿಗೆ ಹತ್ತಿ ಇಳಿಯಲು ಅದೇ ಅನುಕೂಲ. ಕಣ್ಣಿನ ಶಸ್ತ್ರಚಿಕಿತ್ಸೆಗೆ ಅವರನ್ನು ಕರೆದೊಯ್ಯಬೇಕಾಗಿದ್ದುದರಿಂದ ಹಿಂದಿನ ಸಂಜೆ ನಾವೇ ಹೊಸ ಪ್ಲಗ್ಗುಗಳನ್ನೂ ಪಾಯಿಂಟನ್ನೂ ಹಾಕಿ, ಕತ್ತಲಾಯಿತೆಂದು ಪರೀಕ್ಷಿಸದೆ ಮುಚ್ಚಿಟ್ಟೆವು. ಬೆಳಗಾದರೆ ಕಾರು ಹೊರಡಲೊಲ್ಲದು! ಕಾಯಿಲ್ ಸುಟ್ಟಿದೆ, ಹೊಸದನ್ನು ತರಿಸಿರೆಂದು ನೆರೆಯವರು ಸೂಚಿಸಿದರು.

ಇಂತಹ ಸಮಯದಲ್ಲಿ ಗಾಬರಿಗಿಂತ ಕ್ರಮವು ಮೇಲು. ದೀಪಗಳು ಪ್ರಕಾಶಿಸಿ, ಸ್ಟಾರ್ಟರು ಎಂಜಿನನ್ನು ಚುರುಕಾಗಿ ತಿರುಗಿಸಿದರೆ ಬ್ಯಾಟರಿಯು ಸರಿಯಿದೆಯೆಂದು ತಿಳಿಯತಕ್ಕದ್ದು. ಬಳಿಕ ಪ್ಲಗ್ಗಿನ ತಂತಿಗಳು 1, 3, 4, 2ರ ಕ್ರಮದಲ್ಲಿವೆಯೇ ಎಂದು ನೋಡಬೇಕು. ನಮ್ಮಲ್ಲಿ ಎರಡೂ ಸರಿಯಿದ್ದುವು.

ಆಮೇಲೆ 12 ವೋಲ್ಟಿನ ಸಣ್ಣ ದೀಪವೊಂದರ ಒಂದು ತಂತಿಯನ್ನು ಕಾಯಿಲಿನಲ್ಲಿ ಡಿಸ್ಟ್ರಿಬ್ಯೂಟರಿನ ತಂತಿ ಸೇರುವ ತಿರುಪಿಗೂ, ಇನ್ನೊಂದನ್ನು ಎಂಜಿನಿನ ಲೋಹಕ್ಕೂ ಜೋಡಿಸಿದೆವು. ಸ್ಟಾರ್ಟರು ತಿರುಗುವಾಗ ಆ ದೀಪವು ಮಿಣುಕಬೇಕು, ಮಿಣುಕಲಿಲ್ಲ. ಕೀಲಿಯನ್ನು ಆರಿಸಿ, ಡಿಸ್ಟ್ರಿಬ್ಯೂಟರಿನ ತಂತಿಯನ್ನು ಬಿಚ್ಚಿ, ಮರಳಿ ಕೀಲಿ ತಿರುಗಿಸಲು ದೀಪವು ಹೊತ್ತಿತು. ಅಂದಮೇಲೆ ಕಾಯಿಲು ನಿರ್ದೋಷಿ. ವಿದ್ಯುತ್ತು ಡಿಸ್ಟ್ರಿಬ್ಯೂಟರಿನೊಳಗೇ ಲೋಹಕ್ಕೆ ಸೋರುತ್ತಿತ್ತು.

ಮುಚ್ಚಳ ತೆಗೆದು ನೋಡಲಾಗಿ, ತಂತಿಯನ್ನು ಲೋಹದಿಂದ ಬೇರ್ಪಡಿಸುವ ಪುಟ್ಟ ಬಿಲ್ಲೆಯನ್ನು ನಾವೇ ಸ್ಥಾನ ತಪ್ಪಿಸಿ ಕೂರಿಸಿದ್ದೆವು. ಪಾಯಿಂಟು ತೆರೆದರೂ ಪ್ರವಾಹವು ಕಡಿಯದು; ಪ್ರವಾಹವು ಕಡಿಯದೆ ಪ್ಲಗ್ಗಿನಲ್ಲಿ ಕಿಡಿ ಹುಟ್ಟದು. ಬಿಲ್ಲೆಯನ್ನು ಸರಿಪಡಿಸಿದೊಡನೆ ಎಂಜಿನು ಹೊರಟಿತು. ತಾಯಿಯವರು ಹೊತ್ತಿಗೆ ಸರಿಯಾಗಿ ಆಸ್ಪತ್ರೆಯನ್ನು ಸೇರಿದರು.

ನಿನ್ನೆ ಓಡಿದುದು ದುರಸ್ತಿಯ ಮರುದಿನ ನಿಂತರೆ, ಕೈಯಿಟ್ಟ ಜಾಗವನ್ನೇ ಮೊದಲು ನೋಡಿರಿ. ಅಂಗಡಿಗೆ ಹೋಗುವುದು ಆಮೇಲಿನ ಮಾತು.