ಘಾಟಿ ಇಳಿಯೋಕೆ ಮುಂಚೆ ಬಾನೆಟ್ ತೆಗೆದು ನೋಡಿ

ಎರಡು ವರ್ಷದ ಹಿಂದಿನ ಜುಲೈ. ಅಪ್ಪನ ಕಣ್ಣಿನ ಪೊರೆ ಆಪರೇಷನ್ ಸುಸೂತ್ರವಾಗಿ ಆದರೆ ಧರ್ಮಸ್ಥಳಕ್ಕೆ ಬರ್ತೀವಿ ಅಂತ ಅಮ್ಮ ಹರಕೆ ಹೊತ್ತಿದ್ದರು. ಆಪರೇಷನ್ ಆಗಿ ತಿಂಗಳಾಗಿತ್ತು. "ಮಳೆ ಕಮ್ಮಿ ಆಗ್ಲಿ, ಆಮೇಲೆ ಹೋಗೋಣ" ಅಂದರು ಅಪ್ಪ. ನನಗೆ ಸಿಕ್ಕಿದ್ದು ಅದೊಂದೇ ಲಾಂಗ್ ವೀಕೆಂಡ್. ಕಾರಿದೆ, ನಾನಿದ್ದೀನಿ, ಮಳೆ ಏನು ಮಾಡುತ್ತೆ ಅಂದೆ.

ಬೆಂಗಳೂರಿಂದ ಹೆಂಡತಿ, ಮೂರು ವರ್ಷದ ಮಗಳ ಜೊತೆ ಚಿಕ್ಕಮಗಳೂರಿಗೆ ಹೋಗಿ, ಅಲ್ಲಿಂದ ಅಪ್ಪ ಅಮ್ಮನ್ನ ಕೂರಿಸಿಕೊಂಡು ಬೆಳಿಗ್ಗೆ ಹೊರಟ್ವಿ. ಮೂಡಿಗೆರೆ ದಾಟಿ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದ್ವಿ. ಹೊರಗೆ ಜಡಿಮಳೆ. ಅಲ್ಲಿಂದ ಮುಂದೆ ಚಾರ್ಮಾಡಿ ಘಾಟಿ.

ಅಪ್ಪ ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದವರು. ಇದೇ ರೂಟಲ್ಲಿ ವರ್ಷಗಟ್ಟಲೆ ಬಸ್ ಓಡಿಸಿದ್ದಾರೆ. ಆದರೆ ನನ್ನ ಡ್ರೈವಿಂಗ್ ಬಗ್ಗೆ ಒಂದು ಮಾತೂ ಆಡೋರಲ್ಲ. ಅವತ್ತೂ ಅಷ್ಟೇ, ಕಪ್ಪು ಕನ್ನಡಕ ಹಾಕ್ಕೊಂಡು ಹಿಂದಿನ ಸೀಟಲ್ಲಿ ಒರಗಿದ್ದರು. ನಿದ್ದೆ ಬಂದಿದೆ ಅಂದುಕೊಂಡೆ.

ಇಳಿಜಾರು ಶುರುವಾಯ್ತು. ಮಂಜು ಎಷ್ಟಿತ್ತು ಅಂದರೆ ಮುಂದಿನ ತಿರುವು ಹತ್ತಿರ ಬಂದ ಮೇಲೇ ಕಾಣ್ತಿತ್ತು. ನಾನು ಮೂರನೇ ಗೇರಲ್ಲಿ, ಬಲಗಾಲನ್ನ ಬ್ರೇಕ್ ಮೇಲೇ ಇಟ್ಟುಕೊಂಡು ಇಳೀತಿದ್ದೆ. ಸ್ವಲ್ಪ ಹೊತ್ತಿಗೆ ಏನೋ ಸುಟ್ಟ ವಾಸನೆ. ಯಾವುದೋ ಲಾರಿಯದು ಇರಬೇಕು ಅಂದುಕೊಂಡೆ. ಮುಂದಿನ ಹೇರ್‌ಪಿನ್ ತಿರುವಲ್ಲಿ ಕೆಂಪು ಬಸ್ಸೊಂದು ಹತ್ತಿ ಬರ್ತಾ ಇತ್ತು. ಬ್ರೇಕ್ ಒತ್ತಿದೆ. ಪೆಡಲ್ ಮೆತ್ತಗೆ, ಒದ್ದೆ ಸ್ಪಂಜ್ ಒತ್ತಿದ ಹಾಗೆ, ಒಳಗೆ ಹೋಗಿಬಿಡ್ತು. ಕಾರು ನಿಲ್ಲಲಿಲ್ಲ.

"ಗೇರ್ ಇಳ್ಸು. ಎರಡಕ್ಕೆ ಹಾಕು. ಬ್ರೇಕ್ ಬಿಟ್ಟು ಮತ್ತೆ ತುಳಿ."

ಅಪ್ಪ ಕೂಗಲಿಲ್ಲ. ಟಿಕೆಟ್ ಕೇಳಿದ ಹಾಗೆ ಹೇಳಿದರು. ಕೈ ತಾನಾಗೇ ಎರಡನೇ ಗೇರಿಗೆ ಹೋಯ್ತು. ಎಂಜಿನ್ ಒಮ್ಮೆ ಕಿರುಚಿ ಕಾರನ್ನ ಹಿಡಿದೆಳೀತು. ನಾಲ್ಕೈದು ಸಲ ತುಳಿದ ಮೇಲೆ ಪೆಡಲ್ ಸ್ವಲ್ಪ ಗಟ್ಟಿಯಾಯ್ತು. ಬಸ್ಸಿನ ಮೂತಿಗೂ ನಮ್ಮ ಬಂಪರಿಗೂ ಒಂದು ಮಾರು ಅಂತರ ಇತ್ತು ಅನ್ಸುತ್ತೆ. ಮಗಳು ನಿದ್ದೆಯಲ್ಲಿದ್ದಳು. ಅಮ್ಮ ಮಂಜುನಾಥ ಸ್ವಾಮಿಯನ್ನ ನೆನೀತಿದ್ದರು.

ರಸ್ತೆ ಅಗಲ ಇದ್ದ ಕಡೆ ನಿಲ್ಲಿಸಿ ಅರ್ಧ ಗಂಟೆ ಕೂತ್ವಿ. ನನ್ನ ಕಾಲು ನಡುಗೋದು ನಿಂತಿರಲಿಲ್ಲ. "ಕಣ್ಣು ಮುಚ್ಚಿಕೊಂಡಿದ್ರಲ್ಲ, ಹೇಗೆ ಗೊತ್ತಾಯ್ತು?" ಅಂತ ಕೇಳಿದೆ. "ವಾಸನೆ ಆಗ್ಲೇ ಬಂದಿತ್ತು. ಎಂಜಿನ್ ಸದ್ದೇ ಇಲ್ಲದೆ ಇಳೀತಿದ್ದೆ. ಇಳಿಯುವಾಗ ಗಾಡಿ ಗೊಣಗ್ತಾ ಇರ್ಬೇಕು ಕಣೋ" ಅಂದರು.

ಕಷಾಯದ ಬಣ್ಣದ ಬ್ರೇಕ್ ಆಯಿಲ್

ನಿಧಾನಕ್ಕೆ ಇಳಿದು ಉಜಿರೆಯಲ್ಲಿ ಒಂದು ಗ್ಯಾರೇಜಿಗೆ ಹೋದ್ವಿ. ಮೆಕ್ಯಾನಿಕ್ ಬಾನೆಟ್ ತೆಗೆದು ಬ್ರೇಕ್ ಆಯಿಲ್ ಡಬ್ಬಿ ನೋಡಿ ನಕ್ಕರು. "ಇದು ಆಯಿಲಾ ಮಾರಾಯ್ರೆ, ಕಷಾಯವಾ? ಯಾವಾಗ ಚೇಂಜ್ ಮಾಡಿದ್ದು?"

ಯಾವಾಗಲೂ ಇಲ್ಲ. ಕಾರು ತಗೊಂಡು ಐದು ವರ್ಷ ಆಗಿತ್ತು. ವರ್ಕ್ ಫ್ರಮ್ ಹೋಮ್ ಶುರುವಾದ ಮೇಲೆ ಅದು ಅಪಾರ್ಟ್‌ಮೆಂಟ್ ಬೇಸ್‌ಮೆಂಟಲ್ಲಿ ನಿಂತಿದ್ದೇ ಜಾಸ್ತಿ. "ಕಿಲೋಮೀಟರೇ ಆಗಿಲ್ಲ, ಸರ್ವಿಸ್ ಯಾಕೆ?" ಅನ್ನೋದು ನನ್ನ ವಾದ. ನಮ್ಮಲ್ಲಿ ಬಹಳ ಜನ ಹೀಗೇ ಯೋಚನೆ ಮಾಡ್ತೀವಿ. ಆದರೆ ಸರ್ವಿಸ್ ಪುಸ್ತಕದಲ್ಲಿ "ಇಷ್ಟು ಕಿಲೋಮೀಟರ್ ಅಥವಾ ಇಷ್ಟು ತಿಂಗಳು, ಯಾವುದು ಮೊದಲೋ ಅದು" ಅಂತ ಬರೆದಿರುತ್ತೆ. ಆ "ತಿಂಗಳು" ಅನ್ನೋ ಪದ ನಿಂತಿರೋ ಕಾರಿಗೂ ಅನ್ವಯಿಸುತ್ತೆ.

ಬ್ರೇಕ್ ಆಯಿಲ್ ಗಾಳಿಯಲ್ಲಿರೋ ತೇವ ಹೀರಿಕೊಳ್ಳುತ್ತೆ. ಕಾರು ಓಡಲಿ, ನಿಂತಿರಲಿ. ಸಾಮಾನ್ಯವಾಗಿ ಬಳಸೋ ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ಅದೇ ಆಯಿಲ್ ನೀರು ಹೀರಿಕೊಂಡಾಗ ಆ ಮಿತಿ 155ಕ್ಕೆ ಇಳಿಯುತ್ತೆ. ಘಾಟಿಯಲ್ಲಿ ಕಾಲು ತೆಗೆಯದೆ ಬ್ರೇಕ್ ಒತ್ತಿದರೆ ಪ್ಯಾಡು, ಡಿಸ್ಕು ಕಾಯ್ತವೆ, ಆ ಶಾಖ ಆಯಿಲಿಗೂ ಹೋಗುತ್ತೆ. ಆಯಿಲ್ ಕುದ್ದರೆ ಪೈಪಲ್ಲಿ ಆವಿಯ ಗುಳ್ಳೆ. ದ್ರವವನ್ನ ಅದುಮೋಕೆ ಆಗಲ್ಲ, ಹಾಗಾಗಿ ನಮ್ಮ ಕಾಲಿನ ಒತ್ತಡ ಪೂರ್ತಿ ಚಕ್ರಕ್ಕೆ ಹೋಗುತ್ತೆ. ಆವಿಯನ್ನ ಅದುಮಬಹುದು. ಆಗ ನಾವು ಒತ್ತಿದ್ದೆಲ್ಲ ಗುಳ್ಳೆ ಕುಗ್ಗಿಸೋದಕ್ಕೇ ಖರ್ಚಾಗುತ್ತೆ. ಪೆಡಲ್ ಸ್ಪಂಜ್ ಆಗೋದು ಅದಕ್ಕೇ.

ಬಹಳಷ್ಟು ಕಾರುಗಳಿಗೆ ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಾಯಿಸಬೇಕು. ಅವತ್ತು ನಾನು ಕೊಟ್ಟಿದ್ದು ಸಾವಿರ ರೂಪಾಯಿಗೂ ಕಮ್ಮಿ. ಅಷ್ಟು ದುಡ್ಡಿನ ಕೆಲಸವನ್ನ ಮುಂದೂಡಿ ಐದು ಜೀವ ಕೂರಿಸಿಕೊಂಡು ಘಾಟಿ ಇಳಿದಿದ್ದೆ.

ಊರಿಗೆ ವಾಪಸ್ ಬಂದ ಮೇಲೆ ಒಂದು ಅಭ್ಯಾಸ ಮಾಡಿಕೊಂಡೆ. ಮಳೆಗಾಲದ ಡ್ರೈವಿಂಗ್ ನನಗೀಗ ಮೇ ತಿಂಗಳಲ್ಲೇ ಶುರುವಾಗುತ್ತೆ, ಪಾರ್ಕಿಂಗ್ ಜಾಗದಲ್ಲಿ.

ಮೇ ತಿಂಗಳ ಒಂದು ಭಾನುವಾರ

ಟೈರ್: ಕಾರಿಗೂ ರಸ್ತೆಗೂ ಇರೋ ಸಂಬಂಧ ಒಂದೊಂದು ಟೈರಲ್ಲಿ ಒಂದು ಅಂಗೈ ಅಗಲ, ಅಷ್ಟೇ. ಟೈರಿನ ಗೆರೆಗಳ ನಡುವೆ ಸಣ್ಣ ಉಬ್ಬು ಪಟ್ಟಿಗಳಿರ್ತವೆ. ಟೈರ್ ಸವೆದು ಆ ಪಟ್ಟಿಯ ಮಟ್ಟಕ್ಕೆ ಬಂತು ಅಂದರೆ ಗೆರೆಯ ಆಳ 1.6 ಮಿಲಿಮೀಟರಿಗೆ ಇಳಿದಿದೆ ಅಂತ. ಅದು ಕಾನೂನಿನ ಮಿತಿ. ಮಳೆಗೆ ಅಲ್ಲಿವರೆಗೆ ಕಾಯಬೇಡಿ, 3 ಮಿಲಿಮೀಟರ್ ಹತ್ತಿರ ಬಂದಾಗಲೇ ಬದಲಾಯಿಸೋದು ಒಳ್ಳೇದು. ಟೈರಿನ ಪಕ್ಕದಲ್ಲಿ ನಾಲ್ಕಂಕಿ ಇರುತ್ತೆ. 2319 ಅಂದರೆ 2019ರ 23ನೇ ವಾರ ತಯಾರಾಗಿದ್ದು. ಓಡದೇ ನಿಂತ ಟೈರೂ ವಯಸ್ಸಾದಂತೆ ಗಡುಸಾಗುತ್ತೆ, ಬಿರುಕು ಬಿಡುತ್ತೆ. ಗಾಳಿ ಎಷ್ಟಿರಬೇಕು ಅಂತ ಡ್ರೈವರ್ ಬಾಗಿಲ ಚೌಕಟ್ಟಲ್ಲಿ ಬರೆದಿರುತ್ತೆ. ಟೈರ್ ತಣ್ಣಗಿದ್ದಾಗ ಚೆಕ್ ಮಾಡಿಸಿ. ಸ್ಟೆಪ್ನಿಯನ್ನ ಮರೀಬೇಡಿ. ನನ್ನ ಸ್ಟೆಪ್ನಿಯಲ್ಲಿ ಗಾಳಿಯೇ ಇರಲಿಲ್ಲ.

ವೈಪರ್: ನಮ್ಮ ಬಿಸಿಲಿಗೆ ರಬ್ಬರ್ ಒಣಗಿ ಹೋಗುತ್ತೆ. ಒರೆಸಿದ ಮೇಲೆ ಗೆರೆ ಉಳೀತಿದ್ರೆ, ಕೀರಲು ಸದ್ದು ಬರ್ತಿದ್ರೆ ಬದಲಾಯಿಸಿ. ವರ್ಷಕ್ಕೊಂದು ಜೊತೆ ಅಂತ ಲೆಕ್ಕ ಇಟ್ಟುಕೊಂಡರೆ ತಲೆನೋವಿಲ್ಲ. ವಾಷರ್ ಟ್ಯಾಂಕಿಗೆ ನೀರು ತುಂಬಿಸಿ.

ಬ್ರೇಕ್: ಆಯಿಲಿನ ಬಣ್ಣ, ಮಟ್ಟ ಎರಡೂ ನೋಡಿ. ಪ್ಯಾಡ್ ಎಷ್ಟು ದಪ್ಪ ಉಳಿದಿದೆ ಅಂತ ಮೆಕ್ಯಾನಿಕ್‌ನ ಕೇಳಿ. ಬರೀ ಕೇಳಬೇಡಿ, ತೋರಿಸಿ ಅನ್ನಿ.

ಲೈಟು, ಬ್ಯಾಟರಿ: ಬ್ರೇಕ್ ಲೈಟ್ ಉರೀತಿದೆಯಾ ಅಂತ ಒಬ್ಬರೇ ಇದ್ದಾಗ ನೋಡೋದು ಸುಲಭ, ಗೋಡೆಗೆ ಹಿಮ್ಮುಖವಾಗಿ ನಿಲ್ಲಿಸಿ ಬ್ರೇಕ್ ಒತ್ತಿ, ಕನ್ನಡಿಯಲ್ಲಿ ಕೆಂಪು ಬೆಳಕು ಕಾಣುತ್ತೆ. ಬ್ಯಾಟರಿಗೆ ಮೂರು ನಾಲ್ಕು ವರ್ಷ ಆಗಿದ್ರೆ ಒಂದ್ಸಲ ಟೆಸ್ಟ್ ಮಾಡಿಸಿ.

ಇನ್ಶೂರೆನ್ಸ್: ನೀರು ನುಗ್ಗಿ ಎಂಜಿನ್ ಹಾಳಾದರೆ ಮಾಮೂಲಿ ಪಾಲಿಸಿಯಲ್ಲಿ ಸಾಮಾನ್ಯವಾಗಿ ದುಡ್ಡು ಸಿಗಲ್ಲ. ಎಂಜಿನ್ ಪ್ರೊಟೆಕ್ಟ್ ಅನ್ನೋ ಆ್ಯಡ್-ಆನ್ ಇದೆಯಾ ನೋಡಿಕೊಳ್ಳಿ.

ಮಳೆಯಲ್ಲಿ ಲೆಕ್ಕ ಬದಲಾಗುತ್ತೆ

ಇಂಜಿನಿಯರಿಂಗ್ ಓದಿದ್ದಕ್ಕೆ ಒಂದು ಸಣ್ಣ ಲೆಕ್ಕ ಹಾಕಿದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗ್ತಿದ್ದೀರಿ, ಎದುರಿಗೆ ದನ ಬಂತು. ಕಣ್ಣು ನೋಡಿ ಕಾಲು ಬ್ರೇಕಿಗೆ ಹೋಗೋಕೆ ಒಂದೂವರೆ ಸೆಕೆಂಡ್ ಅಂದರೂ ಅಷ್ಟರಲ್ಲಿ ಕಾರು 25 ಮೀಟರ್ ಹೋಗಿರುತ್ತೆ. ಆಮೇಲೆ ನಿಲ್ಲೋಕೆ ಒಣ ರಸ್ತೆಯಲ್ಲಿ ಸುಮಾರು 20 ಮೀಟರ್, ಒದ್ದೆ ರಸ್ತೆಯಲ್ಲಿ ಸುಮಾರು 35. ಒಟ್ಟು 60 ಮೀಟರ್. ಹದಿನೈದು ಸಣ್ಣ ಕಾರುಗಳನ್ನ ಸಾಲಾಗಿ ನಿಲ್ಲಿಸಿದಷ್ಟು ದೂರ. ಇದು ಒಳ್ಳೆ ಟೈರಿನ, ಸಮತಟ್ಟಾದ ರಸ್ತೆಯ ಲೆಕ್ಕ. ಇಳಿಜಾರಲ್ಲಿ ಇನ್ನೂ ಜಾಸ್ತಿ.

ಮುಂದಿನ ಗಾಡಿ ಒಂದು ಮರವನ್ನೋ ಕಂಬವನ್ನೋ ದಾಟಿದ ಕ್ಷಣದಿಂದ ಎಣಿಸಿ. ಒಣಗಿದ್ದಾಗ ಮೂರು ಸೆಕೆಂಡ್ ಆದ ಮೇಲೆ ನೀವು ಅಲ್ಲಿಗೆ ಬರಬೇಕು. ಮಳೆಯಲ್ಲಿ ಆರು. ಮಧ್ಯೆ ಯಾರಾದರೂ ನುಗ್ಗಿದರೆ ನುಗ್ಗಲಿ, ಮತ್ತೆ ಅಂತರ ಬಿಡಿ.

ಇಳಿಯುವಾಗ ಅಪ್ಪನ ನಿಯಮ: ಯಾವ ಗೇರಲ್ಲಿ ಹತ್ತುತ್ತೀರೋ ಅದೇ ಗೇರಲ್ಲಿ ಇಳೀರಿ. ಆಟೊಮ್ಯಾಟಿಕ್ ಕಾರಾದರೆ ಡಿ ಬಿಟ್ಟು ಎಲ್ ಅಥವಾ ಮ್ಯಾನ್ಯುಯಲ್ ಮೋಡಿಗೆ ಹಾಕಿ. ಎಲೆಕ್ಟ್ರಿಕ್ ಕಾರಾದರೆ ರೀಜೆನ್ ಜಾಸ್ತಿ ಇಡಿ, ಆದರೆ ಬ್ಯಾಟರಿ ಪೂರ್ತಿ ತುಂಬಿದ್ರೆ ಅದು ಸರಿಯಾಗಿ ಹಿಡಿಯಲ್ಲ ಅನ್ನೋದು ನೆನಪಿರಲಿ. ಪೆಟ್ರೋಲ್ ಉಳಿಸೋಕೆ ನ್ಯೂಟ್ರಲ್ ಮಾಡಿ ಇಳಿಯೋದಂತೂ ಬೇಡವೇ ಬೇಡ. ತಿರುವಿಗೆ ಮುಂಚೆ ಬ್ರೇಕ್ ಹಾಕಿ ವೇಗ ಇಳಿಸಿ, ಕಾಲು ತೆಗೀರಿ. ಹತ್ತುವ ಗಾಡಿಗೆ ದಾರಿ ಬಿಡಿ. ಇದು ಬರೀ ಸೌಜನ್ಯ ಅಲ್ಲ, ಕಾನೂನೂ ಹೌದು.

ತುರ್ತಾಗಿ ನಿಲ್ಲಿಸಬೇಕಾದಾಗ ಮಾತ್ರ ವಿಷಯ ಬೇರೆ. 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆ ಎಬಿಎಸ್ ಕಡ್ಡಾಯ. ಎಬಿಎಸ್ ಇದ್ದರೆ ಜೋರಾಗಿ ಒತ್ತಿ ಹಿಡಿದುಕೊಳ್ಳಿ. ಪೆಡಲ್ ದಡದಡ ಅಂತ ನಡುಗುತ್ತೆ, ಅದು ಅದರ ಕೆಲಸ. ಹೆದರಿ ಕಾಲು ತೆಗೀಬೇಡಿ.

ಮಂಜಲ್ಲಿ ಹೈಬೀಮ್ ಹಾಕಿದರೆ ಬೆಳಕು ತಿರುಗಿ ನಮ್ಮ ಕಣ್ಣಿಗೇ ಹೊಡೆಯುತ್ತೆ. ಲೋಬೀಮ್, ಫಾಗ್ ಲ್ಯಾಂಪ್ ಸಾಕು. ನಾಲ್ಕೂ ಇಂಡಿಕೇಟರ್ ಮಿನುಗಿಸಿಕೊಂಡು ಓಡಿಸೋದು ನಮ್ಮಲ್ಲಿ ಫ್ಯಾಷನ್ ಆಗಿಬಿಟ್ಟಿದೆ. ಹಾಗೆ ಮಾಡಿದರೆ ನೀವು ಯಾವ ಕಡೆ ತಿರುಗ್ತೀರಿ ಅಂತ ಹಿಂದಿನವರಿಗೆ ಗೊತ್ತಾಗಲ್ಲ. ಅದು ಗಾಡಿ ಕೆಟ್ಟು ನಿಂತಾಗ ಹಾಕೋದು. ಗಾಜು ಒಳಗಿಂದ ಮಸುಕಾದರೆ ಎಸಿ ಹಾಕಿ ಗಾಳಿಯನ್ನ ಗಾಜಿನ ಕಡೆ ತಿರುಗಿಸಿ.

ನಿಂತ ನೀರಿನ ಮೇಲೆ ಸ್ಟೀರಿಂಗ್ ಇದ್ದಕ್ಕಿದ್ದ ಹಾಗೆ ಹಗುರ ಅನ್ನಿಸಿದರೆ ಟೈರ್ ನೀರಿನ ಮೇಲೆ ತೇಲ್ತಿದೆ ಅಂತ. ಬ್ರೇಕ್ ಬೇಡ, ಸ್ಟೀರಿಂಗ್ ಎಳೆದಾಡೋದೂ ಬೇಡ. ನೇರ ಹಿಡಿದುಕೊಂಡು ಆಕ್ಸಿಲರೇಟರ್‌ನಿಂದ ನಿಧಾನಕ್ಕೆ ಕಾಲು ತೆಗೀರಿ, ಹಿಡಿತ ವಾಪಸ್ ಬರುತ್ತೆ.

ಬೆಂಗಳೂರಿನ ಅಂಡರ್‌ಪಾಸಲ್ಲಿ ನೀರು ನಿಂತಿದ್ದು, ಆಳ ಗೊತ್ತಿಲ್ಲ ಅಂದರೆ ಇಳೀಬೇಡಿ. ನೀರಲ್ಲಿ ಕಾರು ಆಫ್ ಆದರೆ ಮತ್ತೆ ಸ್ಟಾರ್ಟ್ ಮಾಡೋಕೆ ಹೋಗಬೇಡಿ. ಸಿಲಿಂಡರೊಳಗೆ ನೀರು ಹೋಗಿದ್ದರೆ ಪಿಸ್ಟನ್‌ಗೆ ಅದನ್ನ ಅದುಮೋಕೆ ಆಗಲ್ಲ, ಕನೆಕ್ಟಿಂಗ್ ರಾಡ್ ಬಾಗಿಹೋಗುತ್ತೆ. ಇಳಿದು ಹೊರಗೆ ಬನ್ನಿ, ಕಾರು ಆಮೇಲೆ. ರಸ್ತೆ ಮೇಲೆ ಹರೀತಿರೋ ನೀರಾದರೆ ಒಂದು ಅಡಿ ಆಳವೇ ಸಣ್ಣ ಕಾರನ್ನ ತೇಲಿಸಬಹುದು.

ಹೋಗದೇ ಇರೋದು

ಎಲ್ಲಕ್ಕಿಂತ ಕಷ್ಟ ಇದು. ರಜೆ ಹಾಕಿರ್ತೀವಿ, ರೂಮ್ ಬುಕ್ ಆಗಿರುತ್ತೆ. ಆದರೆ ಗುಡ್ಡಕ್ಕೆ ನಮ್ಮ ಲೀವ್ ಕ್ಯಾಲೆಂಡರ್ ಗೊತ್ತಿಲ್ಲ. 2019ರ ಆಗಸ್ಟಲ್ಲಿ ಇದೇ ಚಾರ್ಮಾಡಿಯಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆಗಿತ್ತು. 2024ರ ಜುಲೈನಲ್ಲಿ ಅಂಕೋಲಾದ ಶಿರೂರಲ್ಲಿ ಹೆದ್ದಾರಿ ಮೇಲೇ ಗುಡ್ಡ ಬಿದ್ದಿದ್ದನ್ನ ನಾವೆಲ್ಲ ನೋಡಿದ್ದೀವಿ. ಅಂಥ ಕಡೆ ಎಷ್ಟು ಒಳ್ಳೆ ಡ್ರೈವರ್ ಆದರೂ ಏನೂ ಮಾಡೋಕಾಗಲ್ಲ. ಹೊರಡೋ ಮುಂಚೆ ಹವಾಮಾನ ಇಲಾಖೆಯ ಎಚ್ಚರಿಕೆ ನೋಡಿ. ರೆಡ್ ಅಲರ್ಟ್ ಇದ್ದರೆ ಮುಂದೂಡಿ. ಘಾಟಿಯನ್ನ ಹಗಲಲ್ಲೇ ದಾಟಿ. ಫೋನಿಗೆ ಸಿಗ್ನಲ್ ಸಿಗದ ಜಾಗಗಳಿವೆ, ಮ್ಯಾಪನ್ನ ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ. ಟಾರ್ಚು, ನೀರು, ಬಿಸ್ಕತ್ತು, ಮಾತ್ರೆ, ಪವರ್ ಬ್ಯಾಂಕ್ ಜೊತೆಗಿರಲಿ. ತುರ್ತಿಗೆ 112, ರಾಷ್ಟ್ರೀಯ ಹೆದ್ದಾರಿಯಲ್ಲಿ ಸಹಾಯಕ್ಕೆ 1033.

ಕಳೆದ ವರ್ಷ ಮತ್ತೆ ಧರ್ಮಸ್ಥಳಕ್ಕೆ ಹೊರಟ್ವಿ. ಈ ಸಲ ಟೈರು ಹೊಸದು, ಬ್ರೇಕ್ ಆಯಿಲ್ ಜೇನುತುಪ್ಪದ ಬಣ್ಣ. ಆದರೂ ಕೊಟ್ಟಿಗೆಹಾರ ತಲುಪೋ ಹೊತ್ತಿಗೆ ಸಂಜೆ ಐದೂವರೆ ಆಗಿತ್ತು, ಮಳೆ ಪರದೆ ಹಾಕಿದ ಹಾಗೆ ಸುರೀತಿತ್ತು. ಹೋಟೆಲ್ ಮುಂದೆ ನಿಲ್ಲಿಸಿ ಕನ್ನಡಿಯಲ್ಲಿ ಅಪ್ಪನ ಮುಖ ನೋಡಿದೆ. ಅವರು ಏನೂ ಹೇಳಲಿಲ್ಲ, ಹೇಳೋದೂ ಇಲ್ಲ ಅಂತ ಗೊತ್ತಿತ್ತು. ಸ್ಟೀರಿಂಗ್ ನನ್ನ ಕೈಯಲ್ಲಿತ್ತು. "ಇವತ್ತು ಬೇಡ. ಮೂಡಿಗೆರೆಗೆ ವಾಪಸ್ ಹೋಗಿ ಉಳ್ಕೊಳ್ಳೋಣ" ಅಂದೆ.

ಅಮ್ಮನಿಗೆ ಬೇಜಾರಾಗಬಹುದು ಅಂದುಕೊಂಡಿದ್ದೆ. ಅವರು ಮೊಮ್ಮಗಳ ಸ್ವೆಟರ್ ಗುಂಡಿ ಹಾಕ್ತಾ, "ಸ್ವಾಮಿ ಎಲ್ಲೂ ಹೋಗಲ್ಲ. ನಾಳೆ ಬೆಳಿಗ್ಗೆ ನೋಡಿದ್ರಾಯ್ತು" ಅಂದರು. ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡು, "ಕಾಫಿ ಕುಡ್ದು ಹೊರಡೋಣ" ಅಂದರು.

ಈ ಭಾನುವಾರ ಬಿಡುವಿದ್ದರೆ ಕೆಳಗೆ ಪಾರ್ಕಿಂಗಿಗೆ ಹೋಗಿ ಬಾನೆಟ್ ತೆಗೆದು ನೋಡಿ. ಬ್ರೇಕ್ ಆಯಿಲ್ ಯಾವ ಬಣ್ಣದಲ್ಲಿದೆ?